ಹನ್ನಳ ನಿಲುವಂಗಿಯ ಅಳತೆ

ಬೈಬಲ್ ಓದಲು ದಿನಕ್ಕೆ ಇಪ್ಪತ್ತು ನಿಮಿಷ ಹೊಂದಿಸಿಕೊಳ್ಳುವುದರಲ್ಲಿ ತಬಿತಾ ಹೈರಾಣಾಗಿದ್ದಳು. ಬೆಳಿಗ್ಗೆ ಐದೂಮುಕ್ಕಾಲಿಗೆ ಪುಸ್ತಕ ತೆರೆದರೆ ಕೋಳಿಗಳು ಗೂಡಿನ ಬಾಗಿಲು ಕುಕ್ಕುತ್ತಿದ್ದವು. ಅವನ್ನು ಬಿಟ್ಟು ಬರುವಷ್ಟರಲ್ಲಿ ಒಲೆ ಆರಿರುತ್ತಿತ್ತು. ಒಲೆ ಹೊತ್ತಿಸಿ ಕೂತರೆ ಪಕ್ಕದ ಮನೆಯ ಮುದುಕಿ ಬೇಲಿಯಾಚೆಯಿಂದ, "ತಬಿತಾ, ಒಂಚೂರು ಯೀಸ್ಟ್ ಇದ್ಯೇನೇ?" ಎಂದು ಕೂಗುತ್ತಿದ್ದಳು. ಆರೂವರೆಗೆ ಹತ್ತಿರದ ಸುಚಾವಾ ಪಟ್ಟಣದ ಬಟ್ಟೆ ಕಾರ್ಖಾನೆಯ ವ್ಯಾನು ಬಂದು ಹಾರ್ನ್ ಹೊಡೆಯುತ್ತಿತ್ತು. ಸಂಜೆ ಓದೋಣವೆಂದರೆ ಫೋನು ಕೈಗೆ ಬಂದು ಒಂದು ಗಂಟೆ ಎಲ್ಲಿ ಹೋಯಿತೆಂದೇ ತಿಳಿಯುತ್ತಿರಲಿಲ್ಲ.

ಇದನ್ನು ಅವಳು ರಾಹೀಲಾಳ ಹತ್ತಿರ ಹೇಳಿಕೊಂಡಳು. ಅರವತ್ತರ ಹತ್ತಿರದ ರಾಹೀಲಾ ಊರಿನ ಚರ್ಚಿನ ಸಭೆಯಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಹೆಂಗಸರಿಗೆ ಬೈಬಲ್ ಪಾಠ ಹೇಳುವವಳು.

"ಒಬ್ಬಳೇ ಓದಿದ್ರೆ ತಪ್ಪೇ ತಪ್ಪತ್ತೆ ಕಣೇ," ಎಂದಳು ರಾಹೀಲಾ. "ಇಬ್ಬರೂ ಒಂದೇ ಅಧ್ಯಾಯ ಓದೋಣ. ನಿನಗೆ ಹೊಳೆದದ್ದು ನನಗೆ ಕಳ್ಸು, ನನಗೆ ಹೊಳೆದದ್ದು ನಾನು ಕಳಿಸ್ತೀನಿ."

ಯಾರೋ ತನಗಾಗಿ ಕಾಯುತ್ತಾರೆ ಎಂಬುದೇ ತಬಿತಾಳಿಗೆ ಆಸರೆಯಾಯಿತು. ಐದಕ್ಕೇ ಏಳತೊಡಗಿದಳು. ಓದಿ ಮುಗಿಸುವವರೆಗೆ ಫೋನನ್ನು ಜೋಳದ ಹಿಟ್ಟಿನ ಡಬ್ಬಿಯೊಳಗೆ ಹಾಕಿ ಮುಚ್ಚಿಡುತ್ತಿದ್ದಳು. ಆಮೇಲೆ ವ್ಯಾನಿಗೆ ಕಾಯುತ್ತ ಗೇಟಿನ ಬಳಿ ನಿಂತು ತನಗನ್ನಿಸಿದ್ದನ್ನು ಫೋನಿಗೆ ಹೇಳಿ ಕಳಿಸುತ್ತಿದ್ದಳು. ರಾಹೀಲಾಳಿಂದ ಮಧ್ಯಾಹ್ನದ ಹೊತ್ತಿಗೆ ಉತ್ತರ ಬರುತ್ತಿತ್ತು: "ಅಯ್ಯೋ, ನನಗೂ ಇದೇ ಹೊಳೀತು ಕಣೇ!" ಅಷ್ಟೇ. ತಬಿತಾಳಿಗೆ ಅಷ್ಟೇ ಸಾಕಾಗಿತ್ತು.

ಹೀಗೆ ಹದಿನಾಲ್ಕು ತಿಂಗಳು ನಡೆಯಿತು. ಬೇರೆ ಯಾರಿಗೂ ಹೇಳದ್ದನ್ನು ಅವಳು ಆ ಮುಂಜಾವುಗಳಲ್ಲಿ ಹೇಳಿದಳು. ಗಂಡ ತಮ್ಮ ಮಗಳು ನೋಯೆಮಿಯನ್ನು ಇಟಲಿಗೆ ಕರೆದುಕೊಂಡು ಹೋಗಿ ಮೂರು ವರ್ಷವಾಗಿತ್ತು. ಅದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆ.

"ಇವತ್ತಿನ ಅಧ್ಯಾಯದಲ್ಲಿ ಹನ್ನ ಮಗನನ್ನ ದೇವಾಲಯದಲ್ಲಿ ಬಿಟ್ಟುಬಂದ್ಮೇಲೆ ವರ್ಷಕ್ಕೊಂದು ಚಿಕ್ಕ ನಿಲುವಂಗಿ ಹೊಲಿದು ಒಯ್ತಿದ್ಳಲ್ಲ ಅಕ್ಕಾ," ಎಂದು ಒಂದು ಬೆಳಿಗ್ಗೆ ಹೇಳಿ ಕಳಿಸಿದ್ದಳು. "ಅಳತೆ ಹೆಂಗೆ ಗೊತ್ತಾಗ್ತಿತ್ತು? ಬೀದೀಲಿ ಅದೇ ವಯಸ್ಸಿನ ಮಕ್ಕಳ ಭುಜ ನೋಡ್ಕೊಂಡಿರ್ತಾಳೆ. ನಾನೂ ಹಂಗೇ ಮಾಡ್ತೀನಿ. ಸಂತೇಲಿ ಹುಡುಗೀರ ಹಿಂದೆ ನಿಂತು ಕಣ್ಣಲ್ಲೇ ಅಳೀತೀನಿ. ಒಂದ್ಸಲ ಒಬ್ಬಳ ತಾಯಿ ನನ್ನ ಕಳ್ಳಿ ಅಂದ್ಕೊಂಡು ಬ್ಯಾಗ್ ಎದೆಗೆ ಅವಚಿಕೊಂಡ್ಳು."

ಶರತ್ಕಾಲದ ಒಂದು ಗುರುವಾರ ಕಾರ್ಖಾನೆಯಲ್ಲಿ ಕರೆಂಟು ಹೋಗಿ ಎಲ್ಲರನ್ನೂ ಮಧ್ಯಾಹ್ನವೇ ಮನೆಗೆ ಕಳಿಸಿದರು. ಕೆಲಸದಿಂದಾಗಿ ಎಂದೂ ಹೋಗಲಾಗದಿದ್ದ ಪಾಠಕ್ಕೆ ತಬಿತಾ ಹಿಗ್ಗಿನಿಂದ ನೇರವಾಗಿ ಹೋದಳು. ತಡವಾಗಿತ್ತು. ಹಿಂದಿನ ಬೆಂಚಿನ ತುದಿಯಲ್ಲಿ ಸದ್ದಿಲ್ಲದೆ ಕೂತಳು.

ಮುಂದೆ ರಾಹೀಲಾ ಹೇಳುತ್ತಿದ್ದಳು: "ಜರ್ಮನೀಲಿರೋ ಮೊಮ್ಮಗಳಿಗೆ ನಾನೂ ವರ್ಷಕ್ಕೊಂದು ಫ್ರಾಕು ಹೊಲೀತೀನಿ. ಅಳತೆ? ಸಂತೇಲಿ ಹುಡುಗೀರ ಹಿಂದೆ ನಿಂತು ಕಣ್ಣಲ್ಲೇ ತಗೋತೀನಿ. ಒಬ್ಬಳು ತಾಯಿ ನನ್ನನ್ನೇ ಕಳ್ಳಿ ಅಂದ್ಕೊಂಡ್ಳು ನೋಡಿ!"

ಹೆಂಗಸರು ನಕ್ಕರು, ಮರುಕ್ಷಣ ಕಣ್ಣೊರೆಸಿಕೊಂಡರು. ತಬಿತಾಳ ಮುಂದೆ ಕೂತಿದ್ದವಳು ಪಕ್ಕದವಳ ಕಿವಿಯಲ್ಲಿ, "ಎಷ್ಟು ಆಳವಾಗಿ ಓದ್ತಾರೆ ನೋಡು ಇವರು," ಎಂದಳು. ಫ್ರಾಕು ಹೊಲಿಯುವುದಿರಲಿ, ಗುಂಡಿ ಕಿತ್ತುಹೋದರೂ ಹೊಲಿಸಲು ತಬಿತಾಳ ಮನೆಗೇ ಬರುವವಳು ರಾಹೀಲಾ. ತುಂಬಿದ ಸಭೆಯ ನಡುವೆ ತನ್ನ ಮೈಮೇಲಿನ ಬಟ್ಟೆಯನ್ನು ಯಾರೋ ಬಿಚ್ಚಿ ತೊಟ್ಟುಕೊಂಡು ನಿಂತಂತೆ ಅವಳಿಗನ್ನಿಸಿತು.

ಎಲ್ಲರೂ ಹೋದಮೇಲೆ ರಾಹೀಲಾ ಅವಳನ್ನು ಕಂಡಳು. ಮುಖದ ಬಣ್ಣ ಒಂದು ಗಳಿಗೆ ಬದಲಾಗಿ ಮತ್ತೆ ಸರಿಯಾಯಿತು.

"ನೀನ್ಯಾವಾಗ ಬಂದೆ?"

"ಅದು ನನ್ನ ಮಗಳ ಮಾತು ಅಕ್ಕಾ."

"ನಿನ್ನ ಹೆಸರು ಹೇಳಿದ್ರೆ ಊರೆಲ್ಲ ಗೊತ್ತಾಗ್ತಿರ್ಲಿಲ್ವಾ? ನಿನ್ನ ಮಾನ ಉಳಿಸೋಕೇ ಹಂಗಂದೆ."

"ಬೇರೆ ದಿನ ನಾನು ಕಳಿಸಿದ್ದೂ ಹಿಂಗೇ ಹೇಳಿದ್ರಾ?"

ರಾಹೀಲಾ ಕುರ್ಚಿಗಳನ್ನು ಗೋಡೆಗೆ ಸರಿಸತೊಡಗಿದಳು. "ದೇವರ ಮಾತಿನಲ್ಲಿ ನಿಂದು ನಂದು ಅಂತೇನಿದೆ? ಎಷ್ಟು ಜನಕ್ಕೆ ಒಳ್ಳೇದಾಯ್ತು, ನೀನೇ ನೋಡಿದೆಯಲ್ಲ."

"ನೀವು ಓದ್ತಿದ್ರಾ ಅಕ್ಕಾ? ಅದೊಂದು ಹೇಳಿ."

ಕುರ್ಚಿ ಎಳೆಯುವ ಸದ್ದು ನಿಂತಿತು. "ಮೊದಮೊದಲು ಓದ್ದೆ. ಆಮೇಲೆ ಎಲ್ಲಿ ಹೊತ್ತೇ? ಮಂಡಿನೋವು, ಮನೆ ತುಂಬ ಜನ, ಆ ಹಾಳು ಫೋನು. ನೀನು ಹೆಂಗೂ ಓದ್ತಿದ್ದೆಯಲ್ಲ."

ತಬಿತಾ ಬ್ಯಾಗನ್ನು ಹೆಗಲಿಗೇರಿಸಿ ಹೊರಗೆ ನಡೆದಳು. ಕದ್ದದ್ದನ್ನಾದರೂ ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಹದಿನಾಲ್ಕು ತಿಂಗಳು, ಮಂಜು ಬಿದ್ದ ಬೆಳಗುಗಳಲ್ಲಿ, ಊರಿನ ಆ ತುದಿಯ ಮನೆಯಲ್ಲೂ ದೀಪ ಹೊತ್ತಿದೆ, ಅಲ್ಲೂ ಇದೇ ಪುಟ ತೆರೆದಿದೆ ಎಂದು ನಂಬಿ ಅವಳು ಕೂತಿದ್ದಳು. ಅಲ್ಲಿ ಯಾರೂ ಇರಲಿಲ್ಲ.

ಮರುದಿನದಿಂದ ಅವಳು ಏನನ್ನೂ ಕಳಿಸಲಿಲ್ಲ. ಓದಲು ಕೂತರೆ ಪ್ರತಿ ಸಾಲಿಗೂ, ಇದನ್ನು ಅಕ್ಕನಿಗೆ ಹೇಗೆ ಹೇಳಲಿ ಎಂದು ಮನಸ್ಸು ತಾನಾಗಿಯೇ ಓಡುತ್ತಿತ್ತು. ಅಲ್ಲಿಗೇ ಪುಸ್ತಕ ಮುಚ್ಚಿಬಿಡುತ್ತಿದ್ದಳು. ಆಮೇಲೆ ಎರಡು ವಾರ ಐದಕ್ಕೆ ಏಳದೆ ವ್ಯಾನು ಬರುವ ಹೊತ್ತಿನವರೆಗೂ ಮಲಗಿಯೇ ಇದ್ದಳು. ಮೂರನೆಯ ವಾರ ಒಂದು ಬುಧವಾರ ರಾಹೀಲಾಳದೇ ಮೆಸೇಜು ಬಂತು: "ಕೋಪ ಇನ್ನೂ ಇಳಿದಿಲ್ವಾ? ನಾಳೆ ಪಾಠಕ್ಕೆ ರೂತಳ ಕಥೆ. ನಿನಗೇನನ್ನಿಸಿತು ಬರಿ."

ತಬಿತಾ ಅದನ್ನು ಎರಡು ಸಲ ಓದಿ ರಾಹೀಲಾಳ ನಂಬರನ್ನೇ ಅಳಿಸಿಹಾಕಿದಳು.

ಆ ಸಿಟ್ಟಿನಲ್ಲೇ ಬೈಬಲಿನಲ್ಲಿ ರೂತಳ ಪುಸ್ತಕ ತೆರೆದಳು. ನಾಲ್ಕು ಅಧ್ಯಾಯವನ್ನೂ ಓದಿದಳು. ಒಂದು ಸಾಲನ್ನು ಮೂರು ಸಲ ಓದಿದಳು. ಯಾಕೆಂದು ಯಾರಿಗೂ ಹೇಳಲಿಲ್ಲ.

ಭಾನುವಾರ ಸಭೆಯ ಬಾಗಿಲಲ್ಲಿ ರಾಹೀಲಾ ಎಲ್ಲರೆದುರು ಕೈಚಾಚಿ, "ಕರ್ತನ ಸಮಾಧಾನ ನಿನಗಿರಲಿ, ತಂಗೀ," ಎಂದಳು. ಹಿಂದೆ ಜನ ಕಾಯುತ್ತಿದ್ದರು. ತಬಿತಾ ಕೈ ಕೊಟ್ಟಳು. 'ನಿಮಗೂ ಇರಲಿ' ಎಂದು ಎಲ್ಲರೂ ಹೇಳುವ ಮರುಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಹೇಳದೆ ಒಳಗೆ ಹೋಗಿ ಕೂತಳು.