ನೂಲು ಕಡಿಯುವ ಹಲ್ಲು

ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ನೂಲನ್ನು ಹಲ್ಲಿನಿಂದಲೇ ಕಡಿಯಬೇಕು. ಹಿಂದೆ ಪ್ರತಿ ಮೆಷಿನ್ನಿಗೂ ಒಂದು ಸಣ್ಣ ಕತ್ತರಿ ಕಟ್ಟಿರುತ್ತಿತ್ತು. ಯಾರದೋ ಕತ್ತರಿ ತಗುಲಿ ಅಂಗಿಗಳು ತೂತಾದವು, ಮಾಲು ವಾಪಸ್ ಬಂತು. ಅಂದೇ ಸೂಪರ್‌ವೈಸರ್ ಎಲ್ಲ ಕತ್ತರಿ ಬಿಚ್ಚಿಸಿ ಬೀರುವಿಗೆ ಹಾಕಿ ಬೀಗ ಜಡಿದ.

“ದೇವರು ಬಾಯಲ್ಲೇ ಕತ್ತರಿ ಇಟ್ಟಿದ್ದಾನಲ್ಲಮ್ಮ! ಸಾಣೆ ಹಿಡಿಸೋ ಖರ್ಚೂ ಇಲ್ಲ,” ಎಂದ.

ನಾವು ನಕ್ಕೆವು. ಹೊಟ್ಟೆಪಾಡಿಗೆ ಬಂದವರು ಸಾಹೇಬರ ಜೋಕಿಗೆ ನಗದೆ ಇರಲಾಗುತ್ತದೆಯೇ?

ಪಕ್ಕದ ಮೆಷಿನ್ನು ನನ್ನ ಅತ್ತಿಗೆಯದು. ಅಣ್ಣ ತೀರಿಹೋದ ಮೇಲೆ ಅವಳೂ ಮಗಳೂ ಅವಳ ದುಡಿಮೆಯಲ್ಲೇ ಬದುಕಬೇಕು. ಕಾಲರ್ ಹೊಲಿಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಕಡಿದು ಕಡಿದು ಮುಂದಿನ ಹಲ್ಲುಗಳು ಗರಗಸದಂತಾದಾಗ ಕೋರೆಹಲ್ಲಿನಲ್ಲಿ ಕಡಿಯತೊಡಗಿದಳು. ಒಂದು ದಿನ ಕೆಳಗಿನ ಕೋರೆಹಲ್ಲು ಸೀಳಿತು. ಅಂದಿನಿಂದ ತಣ್ಣೀರು ಕುಡಿದರೆ ಕಿವಿಯವರೆಗೂ ಜುಮ್ಮೆನ್ನುತ್ತಿತ್ತು.

“ಹಲ್ಲಿನ ಡಾಕ್ಟರ ಹತ್ರ ಹೋಗೋಣ ಬಾ ಅತ್ತಿಗೆ.”

“ಸುಮ್ನಿರೇ. ರಜಾ ಕೇಳಿದ್ರೆ ಕೆಲಸಾನೇ ಹೋಗುತ್ತೆ. ಹಲ್ಲುನೋವಿಗೆ ಯಾರಾದ್ರೂ ಸಾಯ್ತಾರಾ?”

ಸೂಪರ್‌ವೈಸರನ ಮೇಜಿನ ಡ್ರಾಯರಿನಲ್ಲಿ ಒಂದು ಡಬ್ಬಿ ಗುಳಿಗೆ ಇರುತ್ತಿತ್ತು. ತಲೆನೋವು, ಸೊಂಟನೋವು, ಮುಟ್ಟಿನ ನೋವು, ಎಲ್ಲಕ್ಕೂ ಅದೇ. ಕೇಳಿದರೆ ಕೊಡುತ್ತಿದ್ದ, ಧರ್ಮಾತ್ಮ! ಅತ್ತಿಗೆ ಗುಳಿಗೆ ನುಂಗುತ್ತಲೇ ಕಾಲರ್ ಹೊಲಿದಳು. ಒಂದು ಬೆಳಿಗ್ಗೆ ನಗುನಗುತ್ತಾ ಬಂದಳು.

“ನೋವು ನಿಂತೋಯ್ತು ಕಣೇ! ಪೀಡೆ ತೊಲಗ್ತು.”

ನನಗೂ ಖುಷಿಯಾಯಿತು. ನೋವು ಹೋದರೆ ಕಾಯಿಲೆಯೂ ಹೋಯಿತು, ನಮ್ಮ ವೈದ್ಯಶಾಸ್ತ್ರ ಇಷ್ಟೇ. “ನೋಡಿದ್ರಾ ನನ್ನ ಗುಳಿಗೆ?” ಎಂದು ಸೂಪರ್‌ವೈಸರ್ ಬೀಗಿದ.

ವಾರದೊಳಗೆ ಅವಳ ಗದ್ದದ ಕೆಳಗೆ ಊದಿಕೊಂಡಿತು. ಮೈ ಕೆಂಡ. ಬಾಯಿ ಬೆರಳಗಲ ತೆರೆಯಲೂ ಆಗದು. ಎಂಜಲು ನುಂಗಲಾಗದೆ ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ಮೆಷಿನ್ ತುಳಿಯುತ್ತಿದ್ದಳು. ನಾನು ಓಡಿಹೋಗಿ ಕೇಳಿದೆ.

“ಸಾರ್, ಅತ್ತಿಗೇನ ಆಸ್ಪತ್ರೆಗೆ ಕರ್ಕೊಂಡ್ ಹೋಗ್ತೀನಿ.”

“ಮಾಲು ಇವತ್ತೇ ಲಾರಿಗೆ ಹೋಗ್ಬೇಕಮ್ಮ. ಇನ್ನೊಂದು ಗುಳಿಗೆ ಕೊಡು. ಸಂಜೆ ನೋಡೋಣ.”

ಅಷ್ಟರಲ್ಲಿ ಅವಳ ತಲೆ ಮೆಷಿನ್ನಿನ ಮೇಲೆ ಒರಗಿತು. ಉಸಿರು ಗೊರಗೊರ ಎನ್ನುತ್ತಿತ್ತು. ಗುಂಡಿ ಹಾಕುವ ಅಜ್ಜಿ ಮೊದಲು ಎದ್ದಳು. “ಹಿಡೀರೇ! ಇವನ ಮಾಲು ಮಣ್ಣಿಗೆ ಹೋಗ,” ಎಂದಳು. ನಾವು ಐದಾರು ಜನ ಎತ್ತಿಕೊಂಡು ಹೊರಟೆವು. ಗೇಟಿನವನು ತಡೆಯಲು ಬಂದು, ಅಜ್ಜಿಯ ಮುಖ ನೋಡಿ ದಾರಿ ಬಿಟ್ಟ.

ಆಸ್ಪತ್ರೆಯಲ್ಲಿ ಕುತ್ತಿಗೆ ಕೊಯ್ದು ಕೀವು ತೆಗೆದರು. ಕೋರೆಹಲ್ಲನ್ನೂ ಅದರ ಪಕ್ಕದ್ದನ್ನೂ ಕಿತ್ತರು. ಡಾಕ್ಟರಮ್ಮ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಬೈದರು.

“ನೋವು ನಿಂತಿದ್ದು ವಾಸಿಯಾಗಿ ಅಲ್ರಮ್ಮ, ಹಲ್ಲಿನೊಳಗಿನ ನರ ಸತ್ತಿತ್ತು. ಕೀವು ಬೇರಿಂದ ಕೆಳಗಿಳೀತಿತ್ತು. ಹಲ್ಲು ಸೀಳಿದಾಗಲೇ, ತಣ್ಣೀರಿಗೆ ಜುಮ್ಮಂದಾಗಲೇ ಬಂದಿದ್ರೆ ಹಲ್ಲೂ ಉಳೀತಿತ್ತು. ಮುಖ ಊದಿ ಜ್ವರ ಬಂದ್ರೆ, ನುಂಗೋಕೆ, ಉಸಿರಾಡೋಕೆ ಕಷ್ಟ ಆದ್ರೆ ಒಂದು ಗಳಿಗೇನೂ ಕಾಯ್ಬಾರ್ದು. ಯಾರು ತಡೆದಿದ್ದು ನಿಮ್ಮನ್ನ?”

ಅಜ್ಜಿ ತುಟಿ ಎತ್ತಿ, ನೂಲು ಕಡಿದು ಸವೆದ ತನ್ನ ಹಲ್ಲು ತೋರಿಸಿದಳು. ನಮ್ಮಲ್ಲಿ ನೆಟ್ಟಗಿನ ಹಲ್ಲಿದ್ದವರು ಒಬ್ಬರೂ ಇರಲಿಲ್ಲ.

ಗಾಯ ಮಾಯ್ದ ಮೇಲೆ ಅತ್ತಿಗೆ ಕೆಲಸಕ್ಕೆ ಬಂದಳು. ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು. ಸೂಪರ್‌ವೈಸರ್ ಅವಳನ್ನು ಬಾಗಿಲಲ್ಲೇ ನಿಲ್ಲಿಸಿದ.

“ಹಲ್ಲಿಲ್ಲದೆ ನೂಲು ಹೇಗಮ್ಮ ಕಡೀತೀಯ? ನಿನ್ನ ಜಾಗಕ್ಕೆ ಬೇರೆಯವರನ್ನ ಕರೆಸಿದ್ದೀನಿ.”

“ನನ್ನ ಕೈ ನೆಟ್ಟಗಿದೆ ಸಾರ್. ಹೊಲಿಯೋದು ಕೈಯಲ್ಲಿ,” ಎಂದಳು ಅತ್ತಿಗೆ. ಮಾತು ತೊದಲುತ್ತಿತ್ತು.

ಅವನು ಕೇಳಿಸಿಕೊಳ್ಳಲಿಲ್ಲ. ಹೊಸದಾಗಿ ಬಂದ ಹೆಂಗಸಿನ ಕಡೆ ತಿರುಗಿ, “ಎಲ್ಲಿ, ಹಲ್ಲು ತೋರಿಸು,” ಎಂದ, ದನ ಕೊಳ್ಳುವವನ ಹಾಗೆ. ಅವಳು ಹೆದರಿ ಬಾಯಿ ತೆರೆದಳು. ನಾನು ಮೆಷಿನ್ ನಿಲ್ಲಿಸಿ ಎದ್ದೆ.

“ಬಾಯಿ ಮುಚ್ಚು ತಂಗಿ. ಮೊದಲು ಸಾಹೇಬ್ರು ಆ ಕತ್ತರಿ ಬೀರು ತೆಗೀಲಿ.”

“ಏನೇ ನಿಂದು? ಕೂತ್ಕೋ!” ಎಂದು ಗುಡುಗಿದ.

ಗುಂಡಿ ಹಾಕುವ ಅಜ್ಜಿ ಎದ್ದಳು. ಅವಳ ಹಿಂದಿನ ಸಾಲು ಎದ್ದಿತು. ಮೆಷಿನ್ನುಗಳು ಒಂದೊಂದಾಗಿ ನಿಂತವು. ಸೂಪರ್‌ವೈಸರ್ ಮತ್ತೆ ಏನೋ ಕೂಗಿದ. ಹೊಸಬಳು ಬಾಯಿ ಮುಚ್ಚಿಕೊಂಡು, ಅತ್ತಿಗೆಯ ಕೈ ಹಿಡಿದು ಒಳಗೆ ಕರೆತಂದಳು.