ಬೀಗ ಬಿದ್ದ ಮನೆಗೆ ಬಂದ ಕಳ್ಳ

ಕಟಿಂಗ್ ಅಂಗಡಿಯ ಪಕ್ಕದ ಮನೆಗೆ ಬೀಗ ಬಿದ್ದು ಮೂರು ಮಳೆಗಾಲ ಕಳೆದಿತ್ತು. ಸಾಲ ತೀರಲಿಲ್ಲವೆಂದು ಬ್ಯಾಂಕು ವಶಪಡಿಸಿಕೊಂಡ ಮನೆ ಅದು. ಹೆಂಚು ಜಾರಿ, ಸೂರಿನ ನೀರೆಲ್ಲ ಅಂಗಡಿಯ ಗೋಡೆಗೇ ಇಳಿಯುತ್ತಿತ್ತು. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಕಟಿಂಗಣ್ಣನ ಸಂಸಾರ. ಬಟ್ಟೆ ಹೊಲಿಯುವ ಅವನ ಹೆಂಡತಿಗೆ ಆ ಮನೆಯ ಮೇಲೇ ಕಣ್ಣು.

“ಮಾರಿದ್ರೆ ನಾವೇ ತಗೊಳ್ಳೋಣ ರೀ. ಇನ್ನೊಂದು ಮಳೆಗೆ ಆ ಹೆಂಚಿನ ಮಾಡು ಉಳಿಯಲ್ಲ.”

“ಬ್ಯಾಂಕಿನವರು ಏಳಬೇಕಲ್ಲ! ಕುಂಭಕರ್ಣನ ವಂಶ. ಎದ್ರೂ ನಮ್ಮಂಥವರಿಗೆ ಎಲ್ಲಿ ಸಿಗುತ್ತೆ? ಒಳಗೊಳಗೇ ಕೊಟ್ಬಿಡ್ತಾರೆ.”

ಅಂದು ಹೊಸ ಗಿರಾಕಿಯೊಬ್ಬ ಗಡ್ಡಕ್ಕೆ ಕೂತ. ನೊರೆ ಹಚ್ಚಿದ ಕೆನ್ನೆಯ ಮೇಲೆ ಕತ್ತಿ ಆಡಿಸುತ್ತ ಕಟಿಂಗಣ್ಣ ಶುರುಮಾಡಿದ. “ಆ ಮನೆ ತಂಟೆಗೆ ಒಬ್ಬನ್ನೂ ಬಿಟ್ಟಿಲ್ಲ ಸಾರ್. ಹೋದ ವರ್ಷ ಒಬ್ಬ ಕಳ್ಳ ಟೇಪು ಹಿಡಿದು ಗೋಡೆ ಅಳೀತಿದ್ದ. ಪೊರಕೆ ತಗೊಂಡು ಅಟ್ಟಿದೆ ನೋಡಿ, ಚಪ್ಪಲಿ ಬಿಟ್ಟು ಓಡಿದ!”

“ಮೊದ್ಲು ಆ ಕತ್ತಿ ಕೆಳಗಿಡಿ,” ಎಂದ ಗಿರಾಕಿ. “ಆ ಚಪ್ಪಲಿ ನಂದೇ.”

ಕಟಿಂಗಣ್ಣ ಕತ್ತಿ ಕೆಳಗಿಟ್ಟ.

“ಬ್ಯಾಂಕಿಗೋಸ್ಕರ ಮನೆಗೆ ಬೆಲೆ ಕಟ್ಟೋನು ನಾನು. ಗುರುತಿನ ಚೀಟಿ ತೆಗೆಯೋಕೆ ಜೇಬಿಗೆ ಕೈ ಹಾಕಿದ್ರೆ ‘ಚಾಕು, ಚಾಕು’ ಅಂತ ಕೂಗಿದ್ರಿ! ಬೆಲೆ ಕಟ್ಟದೆ ಹರಾಜಿಲ್ಲ. ನನ್ನನ್ನ ಮತ್ತೆ ಕಳಿಸೋಕೆ ಬ್ಯಾಂಕಿನವರೂ ವರ್ಷ ಎಳೆದ್ರು, ತಪ್ಪು ಅವರದೂ ಇದೆ. ತಡ ಆದಷ್ಟೂ ಮನೆ ಕೆಡುತ್ತೆ, ಬೆಲೆ ಇಳಿಯುತ್ತೆ, ಮನೆ ಕಳ್ಕೊಂಡವರ ತಲೆ ಮೇಲೆ ಬಡ್ಡಿ ಏರುತ್ತೆ. ಇವತ್ತು ಮೊದ್ಲು ಪೊರಕೆ ಎಲ್ಲಿದೆ ನೋಡೋಣ ಅಂತ ಇಲ್ಲಿ ಕೂತೆ.”

ಅಯ್ಯೋ, ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದ! ಕಟಿಂಗಣ್ಣನಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಹೆಂಡತಿ ಹೊಲಿಗೆ ಬಿಟ್ಟು ಓಡಿಬಂದಳು. “ಹಾಗಾದ್ರೆ ಹರಾಜಲ್ಲಿ ನಾವೂ ಕೂಗಬಹುದಾ ಅಣ್ಣಾ?”

“ಯಾರು ಬೇಕಾದ್ರೂ ಕೂಗಬಹುದಮ್ಮ. ಪ್ರಕಟಣೆ ಬರುತ್ತೆ. ಆದ್ರೆ ಮೊದ್ಲು ಒಳಗೆ ಹೋಗಿ ಕಣ್ಣಾರೆ ನೋಡಿ. ಪತ್ರಗಳನ್ನ ವಕೀಲರಿಗೆ ತೋರ್ಸಿ. ತೆರಿಗೆ, ನೀರಿನ ಬಾಕಿ, ಕೋರ್ಟು ಕೇಸು ಇದೆಯಾ ಕೇಳಿ.”

ಅರ್ಧ ಗಡ್ಡದಲ್ಲೇ ಅವನು ಎದ್ದು ಹೋಗಿ, ಬ್ಯಾಂಕು ಕೊಟ್ಟ ಬೀಗದ ಕೈಯಿಂದ ಆ ಮನೆಯ ಬೀಗ ತೆಗೆದ. ಬೀದಿಗೆ ಬೀದಿಯೇ ಹಿಂದೆ ನುಗ್ಗಿತು. ಒಬ್ಬರು ಏಣಿ ತಂದರೆ, ಇನ್ನೊಬ್ಬರು ಟೇಪಿನ ತುದಿ ಹಿಡಿದರು. ಕಟಿಂಗಣ್ಣನ ಹೆಂಡತಿ ಆಗಲೇ ಕಿಟಕಿಗೆ ಪರದೆಯ ಅಳತೆ ತೆಗೆಯುತ್ತಿದ್ದಳು.

“ಇನ್ನೂ ನಮ್ಮದಾಗಿಲ್ಲ ಕಣೇ!”

“ಅಳತೆಗೇನು ಕಾಸಾ?”

ಮಳೆಗೆ ಮುಂಚೆಯೇ ಹರಾಜಾಯಿತು. ಕೂಡಿಟ್ಟ ದುಡ್ಡಿಗೆ ಸಾಲ ಸೇರಿಸಿ, ಕೂಗಿ ಗೆದ್ದವಳು ಕಟಿಂಗಣ್ಣನ ಹೆಂಡತಿಯೇ! ಬೀಗದ ಕೈ ಸಿಕ್ಕ ದಿನ ಬೆಲೆ ಕಟ್ಟುವವನೂ ಬಂದ. ಕಟಿಂಗಣ್ಣ ತಾನು ಎತ್ತಿಟ್ಟಿದ್ದ ಆ ಹಳೆಯ ಚಪ್ಪಲಿಜೋಡಿಯನ್ನು ಒರೆಸಿ ಬಾಗಿಲಲ್ಲಿಟ್ಟ. “ಹಾಕ್ಕೊಳ್ಳಿ ಸಾರ್. ಈ ಸಲ ನಿಧಾನಕ್ಕೆ ಹೋಗಿ.”

ನಿಮ್ಮ ಬೀದಿಯಲ್ಲೂ ಇಂಥ ಬೀಗದ ಮನೆ ಇದೆಯೇ? ಬೈಯುತ್ತ ಕೂರಬೇಡಿ. ನೆರೆಹೊರೆಯವರೆಲ್ಲ ಸೇರಿ ಬ್ಯಾಂಕಿಗೆ ಹೋಗಿ, ಬೆಲೆ ಕಟ್ಟಿದ್ದೀರಾ, ಹರಾಜು ಯಾವಾಗ ಎಂದು ಕೇಳಿ. ಅಳೆಯಲು ಬಂದವರ ಗುರುತಿನ ಚೀಟಿ ನೋಡಿ, ಒಳಗೆ ಬಿಡಿ. ಪೊರಕೆ ಕಸ ಗುಡಿಸಲಿಕ್ಕಿರಲಿ!