ಫ್ರೂಮಾಳ ಹತ್ತನೆಯವನು

ಝೆಲಿಗ್ ಮುದುಕ ಸಲಿಕೆಯನ್ನು ಬೋರಲು ಹಿಡಿದು, ಅದರ ಬೆನ್ನಿನಿಂದಲೇ ಗುಂಡಿಗೆ ಮೊದಲ ಮಣ್ಣು ಹಾಕಿದ. ಸಾವಿನ ಕೆಲಸಕ್ಕೆ ಆತುರ ತೋರಿಸಬಾರದೆಂದು ನಮ್ಮ ಯಹೂದಿಗಳಲ್ಲಿ ಹಾಗೆ. ಆದರೆ ಅವತ್ತು ಶುಕ್ರವಾರ. ಹೊತ್ತು ಮುಳುಗಿ, ಕೆಲಸ ಮಾಡಬಾರದ, ವಾಹನ ಹತ್ತಬಾರದ ಸಬ್ಬತ್ ಶುರುವಾಗುವ ಮುಂಚೆ ಎಲ್ಲರೂ ಮನೆ ಸೇರಬೇಕಿತ್ತು. ಬ್ರಾಂಕ್ಸ್‌ನ ಚಳಿಗೆ ಮಣ್ಣು ಬೇರೆ ಕಲ್ಲಾಗಿತ್ತು.

ಗುಂಡಿ ತುಂಬಿತು. ಇನ್ನು ಸತ್ತವಳ ಹೆಸರಲ್ಲಿ ಕದ್ದಿಶ್ ಹೇಳಬೇಕು. ಆ ಪ್ರಾರ್ಥನೆಗೆ ಹತ್ತು ಗಂಡಸರು ಬೇಕೇ ಬೇಕು. ಧರ್ಮಗುರು ರಬ್ಬಿ ಸುತ್ತ ನೋಡಿದರು. ಒಂಬತ್ತೇ ಜನ.

"ನಮ್ಮ ಹತ್ತನೆಯವನು ಮೆನಾಶೆ ಎಲ್ಲಿ? ಯಾರೂ ಫೋನ್ ಮಾಡ್ಲಿಲ್ವಾ?"

"ನಾವ್ಯಾಕೆ ಮಾಡೋಣ? ಯಾವಾಗ್ಲೂ ಫ್ರೂಮಾನೇ ತಾನೇ..." ಎಂದ ಝೆಲಿಗ್ ನಾಲಗೆ ಕಚ್ಚಿಕೊಂಡ. ಫ್ರೂಮಾ ಆ ಮಣ್ಣಿನಡಿ ಇದ್ದಳು.

* * *

ನಮ್ಮ ಮಂದಿರದ ಬೆಳಗಿನ ಪ್ರಾರ್ಥನೆಗೆ ಗಂಡಸರನ್ನು ಒಟ್ಟುಮಾಡುತ್ತಿದ್ದವಳೇ ಫ್ರೂಮಾ. "ಏಳೋ ಸೋಮಾರಿ, ದೇವರು ಆಗ್ಲೇ ಎದ್ದು ಕೂತಿದಾನೆ!" ಎಂದು ಒಬ್ಬೊಬ್ಬರಿಗೂ ಫೋನಿನಲ್ಲಿ ಬೈಯುವಳು. ಝೆಲಿಗ್‌ನ ಮಗ ತೀರಿಕೊಂಡ ವರ್ಷ ಅವನ ಕದ್ದಿಶ್ ಒಂದು ದಿನವೂ ತಪ್ಪಲು ಬಿಡಲಿಲ್ಲ. ಹಿಮ ಸುರಿದು ಒಬ್ಬ ಕಡಿಮೆಬಿದ್ದ ದಿನ ಬೀದಿಗಿಳಿದು, ಯಾರೋ ಯಹೂದಿ ಟ್ಯಾಕ್ಸಿ ಡ್ರೈವರನ್ನು ತೋಳು ಹಿಡಿದು ಎಳೆದು ತಂದಿದ್ದಳು. ತಂದು, ತಾನು ಹೆಂಗಸರ ಪರದೆಯ ಹಿಂದೆ ಹೋಗಿ ಕೂತಿದ್ದಳು.

"ನೀನೂ ಇದೀಯಲ್ಲಮ್ಮಾ, ನಿನ್ನನ್ನ ಯಾಕೆ ಎಣಿಸಲ್ಲ?" ಎಂದು ಮಗಳು ಹಾನಾ ಕೇಳಿದ್ದಳು.

"ನನ್ನನ್ನ ಎಣಿಸಿದ್ರೆ ಈ ಪುಣ್ಯಾತ್ಮರು ಹಾಸಿಗೆ ಬಿಟ್ಟು ಏಳ್ತಾರೇನೇ?" ಎಂದು ಫ್ರೂಮಾ ನಕ್ಕಿದ್ದಳು.

ಆ ನಗು ಹಾನಾಳಿಗೆ ಹಿಡಿಸಲಿಲ್ಲ. ಹೆಂಗಸರನ್ನೂ ಎಣಿಸುವ ಬೇರೊಂದು ಮಂದಿರಕ್ಕೆ ಹೋಗತೊಡಗಿದಳು.

* * *

ಈಗ ಹಾನಾಳೇ ಮೆನಾಶೆಗೆ ಫೋನ್ ಹಚ್ಚಿದಳು.

"ಫ್ರೂಮಾ ಹೋದ್ಲಾ? ನಂಗ್ಯಾರೂ ಹೇಳ್ಲೇ ಇಲ್ವಲ್ಲ ಮಗಳೇ!" ಮುದುಕ ಅತ್ತುಬಿಟ್ಟ. ಅವನು ಬರುವಷ್ಟು ಹೊತ್ತು ಉಳಿದಿರಲಿಲ್ಲ.

"ಅವ್ರು ಫೋನಲ್ಲೇ ಹತ್ತನೆಯವ್ರಾಗಿ ಇರ್ಲಿ, ರಬ್ಬಿ," ಎಂದಳು ಹಾನಾ.

"ದನಿ ಆಗಲ್ಲಮ್ಮ. ಆಳು ಎದುರಿಗಿರ್ಬೇಕು."

"ಹಾಗಾದ್ರೆ ನನ್ನನ್ನ ಎಣಿಸಿ. ಅವಳು ನನ್ನಮ್ಮ."

ಹಾನಾ ಝೆಲಿಗ್ ಕಡೆ ತಿರುಗಿದಳು.

"ಝೆಲಿಗ್ ಮಾಮ, ನೀವಾದ್ರೂ ಹೇಳಿ."

"ನನ್ನ ಕೈಲಾಗಲ್ಲ ಕಂದಾ. ನಿಮ್ಮಮ್ಮನೂ ಒಪ್ತಿರ್ಲಿಲ್ಲ."

ಅದು ನಿಜವೇ. ಹಾನಾಳಿಗೆ ರೇಗಿದ್ದೂ ಅದಕ್ಕೇ.

ಅವಳು ತಾಯಿಯ ತಲೆಯ ಕಡೆ ಹೋಗಿ ನಿಂತು ಒಬ್ಬಳೇ ಕದ್ದಿಶ್ ಶುರುಮಾಡಿದಳು. ಎಲ್ಲರೂ 'ಆಮೆನ್' ಅನ್ನಬೇಕಾದ ಕಡೆ ನಿಲ್ಲಿಸಿ ಕಾದಳು. 'ಆಮೆನ್' ಅಂದರೆ ಅವಳನ್ನು ಎಣಿಸಿದಂತೆಯೇ; ಗಂಡಸರು ತಮ್ಮ ಬೂಟು ನೋಡುತ್ತ ನಿಂತರು. ಮುಂದಿನ ಸಾಲು ಹೇಳಿ ಮತ್ತೆ ಕಾದಳು. ಝೆಲಿಗ್‌ನ ಗಡ್ಡ ನೆನೆದಿತ್ತು. ಅವನು ಎರಡೂ ಕೈಯಿಂದ ಬಾಯಿಯನ್ನು ಒತ್ತಿ ಮುಚ್ಚಿಕೊಂಡಿದ್ದ.